ಹೊಸ ತಿಪ್ಪಸಂದ್ರ: ಕೆರೆಯ ಹೆಸರು, ಕಾರ್ಖಾನೆಯ ನೆರಳು

ಬೆಂಗಳೂರಿನ ಪೂರ್ವಭಾಗದಲ್ಲಿ, ಇಂದಿರಾನಗರದ ಆಚೆ, ಹೊಸ ತಿಪ್ಪಸಂದ್ರವೆಂಬ ಬಡಾವಣೆಯಿದೆ. ಇಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಸಂಸಾರವಂದಿಗರ ಮನೆಗಳು, ಶಾಲೆಗಳು, ತರಕಾರಿ ಅಂಗಡಿಗಳಿಂದ ತುಂಬಿದ ಮುಖ್ಯರಸ್ತೆ, ಇಷ್ಟೇ. ಇಂತಹ ಸ್ಥಳಕ್ಕೆ ಇತಿಹಾಸವೇನಿದ್ದೀತು ಎಂದು ಕೇಳುವವರುಂಟು. ಆದರೆ ಊರಿನ ಹೆಸರೇ ಅದರ ಮೊದಲನೆಯ ದಾಖಲೆ.

'ಸಂದ್ರ' ಎಂಬುದು 'ಸಮುದ್ರ' ಶಬ್ದದಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ಕನ್ನಡ ನಾಡಿನ ಪುರಾತನ ವಾಡಿಕೆ. ಬೊಮ್ಮಸಂದ್ರ, ಸಿಂಗಸಂದ್ರ, ಬೈರಸಂದ್ರಗಳೂ ಇದೇ ಬಳಗದವು. ಸಮೀಪದಲ್ಲಿ ಜೀವನದಿಯಿಲ್ಲದ ಈ ಎತ್ತರದ ಸೀಮೆಯಲ್ಲಿ ಮಳೆಯ ನೀರನ್ನು ಹಿಡಿದಿಟ್ಟ ಕೆರೆಗಳೇ ಜನಜೀವನಕ್ಕೆ ಆಧಾರವಾಗಿದ್ದವು. 'ಹೊಸ' ಎಂಬ ವಿಶೇಷಣವಾದರೋ ಈ ಭಾಗಕ್ಕೆ ಬಂದ ಇನ್ನೊಂದು ಯುಗವನ್ನು ಸೂಚಿಸುತ್ತದೆ.

ಆ ಯುಗವನ್ನು ತೆರೆದವರಲ್ಲಿ ಪ್ರಮುಖರು, ಸೊಲ್ಲಾಪುರದ ಜೈನ ಮನೆತನವೊಂದರಲ್ಲಿ 1882ರಲ್ಲಿ ಜನಿಸಿದ ಶೇಠ್ ವಾಲಚಂದ್ ಹೀರಾಚಂದ್ ಅವರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಅವರು 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು 4 ಕೋಟಿ ರೂಪಾಯಿಗಳ ಅಧಿಕೃತ ಬಂಡವಾಳದೊಡನೆ ಸ್ಥಾಪಿಸಿದರು. ಮರುವರ್ಷವೇ ಇಲ್ಲಿ ಜೋಡಿಸಿದ ತರಬೇತಿ ವಿಮಾನವು ಆಕಾಶಕ್ಕೇರಿತು. ಮಹಾಯುದ್ಧದ ಒತ್ತಡದಲ್ಲಿ 1942ರಲ್ಲಿ ಭಾರತ ಸರ್ಕಾರವು ಕಾರ್ಖಾನೆಯನ್ನು ವಹಿಸಿಕೊಂಡಾಗ ಶೇಠರ ಒಡೆತನ ಕೊನೆಗೊಂಡಿತು. ಎರಡೇ ವರ್ಷಗಳ ಒಡೆತನ; ಆದರೆ ನೆಟ್ಟ ಸಸಿ ಮರವಾಯಿತು. 1951ರಲ್ಲಿ ಎಚ್.ಟಿ.-2, 1961ರಲ್ಲಿ 'ಮರುತ್' ವಿಮಾನಗಳು ಇಲ್ಲಿಂದಲೇ ಹಾರಿದವು. 1964ರಲ್ಲಿ ಸಂಸ್ಥೆಯು ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರನ್ನು ತಳೆಯಿತು. ಅದೇ ವರ್ಷ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯು ರೈಲು ಬೋಗಿ ನಿರ್ಮಾಣದ ವಿಭಾಗವನ್ನು ವಹಿಸಿಕೊಂಡಿತು.

ಕಾರ್ಖಾನೆಗಳಿದ್ದೆಡೆ ಕುಟುಂಬಗಳು ನೆಲೆಸುವುದು ಸಹಜ. ಎಚ್.ಎ.ಎಲ್. ಎರಡನೆಯ ಹಂತ, ಮೂರನೆಯ ಹಂತ ಎಂಬ ಬಡಾವಣೆಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಕನ್ನಡ, ತಮಿಳು, ತೆಲುಗು, ಮಲಯಾಳ ಮಾತೃಭಾಷೆಯ ಜನರು ಒಂದೇ ಬೀದಿಯಲ್ಲಿ ನೆರೆಹೊರೆಯವರಾದರು. ಪಾಳಿಯ ವೇಳೆಗೆ ತಕ್ಕಂತೆ ಮನೆಯ ಅಡುಗೆ, ವಿಮಾನದ ಸದ್ದಿನ ನಡುವೆ ಮಕ್ಕಳ ಪಾಠ. 2008ರ ಮೇ ತಿಂಗಳಿನಲ್ಲಿ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ತೆರಳಿದವು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮೆಟ್ರೋ ರೈಲು ಹೊರಟಿತು; ಅದರ ಬೋಗಿಗಳ ನಿರ್ಮಾಣದಲ್ಲಿ ಈ ನೆರೆಯ ಬಿ.ಇ.ಎಂ.ಎಲ್.ನ ಶ್ರಮವೂ ಸೇರಿತ್ತು.

ಈ ಅಭ್ಯುದಯದ ನಡುವೆ ನಾವು ಮರೆತದ್ದು ಹೆಸರಿನೊಳಗಿನ ನೀರನ್ನು. 1974ರಲ್ಲಿ ಕಾವೇರಿಯ ನೀರು ನಗರಕ್ಕೆ ಬಂದ ಬಳಿಕ ಕೆರೆಗಳು ಅನಾವಶ್ಯಕವೆಂಬ ಭಾವನೆ ಬೆಳೆಯಿತು. 2024ರ ಬೇಸಿಗೆಯಲ್ಲಿ ನಗರದ ಅನೇಕ ಬಡಾವಣೆಗಳ ಕೊಳವೆಬಾವಿಗಳು ಬತ್ತಿ, ಗೃಹಿಣಿಯರು ಟ್ಯಾಂಕರಿನ ದಾರಿ ಕಾಯಬೇಕಾಯಿತು. ಸಮೀಪದ ಕಗ್ಗದಾಸಪುರ, ಬೈರಸಂದ್ರಗಳ ಕೆರೆಗಳು ಇಂದಿಗೂ ಉಳಿದಿರುವುದು ನಮ್ಮ ಪುಣ್ಯ.

ನಮ್ಮ ಪ್ರಾಚೀನ ದಾನಶಾಸನಗಳ ಕೊನೆಯಲ್ಲಿ, ದಾನ ಮಾಡುವುದಕ್ಕಿಂತ ಅದನ್ನು ಪಾಲಿಸುವುದು ಮಿಗಿಲೆಂಬ ಅಭಿಪ್ರಾಯವು ಮತ್ತೆ ಮತ್ತೆ ಬರುತ್ತದೆ. ಬಸದಿಗೂ ಕೆರೆಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ. ಕೆರೆಯನ್ನು ಕಟ್ಟಿದವರ ಹೆಸರು ನಮಗೆ ಉಳಿದಿಲ್ಲ; ಕಾರ್ಖಾನೆಯನ್ನು ಕಟ್ಟಿದವರ ಕೈಯಲ್ಲಿ ಅದು ಉಳಿಯಲಿಲ್ಲ. ಅವರಿಬ್ಬರ ಫಲವನ್ನೂ ಉಂಡವರು ನಾವು. ಒಂದು ಲೋಟ ನೀರನ್ನೂ ಸೋಸಿ ಕುಡಿಯುವ ಆಚಾರವುಳ್ಳ ಸಮಾಜವು ಆ ನೀರಿನ ಮೂಲವನ್ನು ಕಾಯುವ ಕಾರ್ಯದಲ್ಲಿಯೂ ಮುಂದಾಗಲಿ. ತಿಪ್ಪಸಂದ್ರದ ಹೆಸರು ಬರಿಯ ಹೆಸರಾಗಿ ಉಳಿಯದಿರಲಿ.