ಗಾಯಗೊಂಡ ಚಾಲಕ ನರಕೋಶ: ನಿಮ್ಹಾನ್ಸ್ ಶೋಧಗಳ ಬೆಳಕಿನಲ್ಲಿ

ಯಾದಗಿರಿ ಜಿಲ್ಲೆಯ ಕೆಂಭಾವಿ ಸೀಮೆಯಲ್ಲಿ ಹತ್ತಿ ಬಿಡಿಸುವ ಕೈ ಸೋತರೆ ಮನೆಯವರಿಗೆ ಮೊದಲು ತೋಚುವುದು ದಣಿವು. ಕಾರಣ ಮೋಟಾರ್ ನ್ಯೂರಾನ್ ಕಾಯಿಲೆಯಾಗಿದ್ದರೆ, ಹಿಡಿತ ಸಡಿಲುವ ಹೊತ್ತಿಗಾಗಲೇ ಬೆನ್ನುಹುರಿಯ ಎಷ್ಟೋ ಚಾಲಕ ನರಕೋಶಗಳು ಸತ್ತಿರುತ್ತವೆ. ಅಲ್ಲಿಯವರೆಗೆ ಆ ನಷ್ಟವನ್ನು ತುಂಬಿಕೊಟ್ಟವು ಉಳಿದ ಕೋಶಗಳೇ.

ಒಂದು ಕೋಶ ಸತ್ತಾಗ ಅದರ ಸ್ನಾಯುತಂತುಗಳು ಒಡೆಯನಿಲ್ಲದ ಹೊಲದಂತೆ ಬೀಳುಬೀಳುತ್ತವೆ. ಪಕ್ಕದ ಕೋಶ ಹೊಸ ಕವಲು ಚಾಚಿ ಅವನ್ನು ತನ್ನದಾಗಿಸಿಕೊಳ್ಳುತ್ತದೆ. ಸ್ನಾಯುವಿನ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ಇ.ಎಂ.ಜಿ. ಪರೀಕ್ಷೆಯಲ್ಲಿ ಕಾಣುವ ಎತ್ತರದ, ಅಗಲವಾದ ಅಲೆಗಳು ಈ ಹೆಚ್ಚುವರಿ ದುಡಿಮೆಯ ಗುರುತು. ಕವಲೊಡೆಯುವ ಕೋಶವೂ ರೋಗಕ್ಕೆ ತುತ್ತಾದಾಗ ಬಲ ಬೇಗ ಬೇಗನೆ ಇಳಿಯುತ್ತದೆ.

ಕೋಶದ ಒಳಗೆ ಏನು ನಡೆಯುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿದ ಬೆಂಗಳೂರಿನ ನಿಮ್ಹಾನ್ಸ್‌ನ ಕೆಲಸಕ್ಕೆ ಕನ್ನಡದಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಎಂ. ಗೌರಿದೇವಿ, ಟಿ.ಆರ್. ರಾಜು, ಎ. ನಳಿನಿ, ಫಲ್ಗುಣಿ ಆನಂದ್ ಅಲ್ಲಾಡಿ ಮೊದಲಾದವರು, ಮೋಟಾರ್ ನ್ಯೂರಾನ್ ಕಾಯಿಲೆಯ ಮುಖ್ಯ ರೂಪವಾದ ಎ.ಎಲ್.ಎಸ್. ರೋಗಿಗಳ ಮಿದುಳು-ಬೆನ್ನುಹುರಿ ದ್ರವವನ್ನು ಎಳೆಯ ಇಲಿಗಳಿಗೆ ಕೊಟ್ಟು ನೋಡಿದರು. ಕೋಶದ ಅಸ್ಥಿಪಂಜರದಂತಿರುವ ನ್ಯೂರೋಫಿಲಮೆಂಟ್‌ಗಳ ಮೇಲೆ ಫಾಸ್ಫೇಟ್ ಅಸಹಜವಾಗಿ ಏರಿತು. 1998ರ ವರದಿ ಸುತ್ತಲಿನ ಆಸ್ಟ್ರೋಸೈಟ್ ಎಂಬ ಗ್ಲಿಯಾ (ಆಸರೆ) ಕೋಶಗಳು ಕೆರಳಿದ್ದನ್ನು ತೋರಿಸಿತು. 2007ರದು, ಪ್ರೋಟೀನ್‌ಗಳನ್ನು ಸಿದ್ಧಮಾಡಿ ಕಳಿಸುವ ಗಾಲ್ಗಿ ಜಾಲ ಚೂರುಚೂರಾದದ್ದನ್ನು. ಮುಂದೆ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಗೆ ಬಿ.ಡಿ.ಎನ್.ಎಫ್. ಎಂಬ ಪೋಷಕ ಪ್ರೋಟೀನ್ ಕೊಟ್ಟಾಗ, ಅದೇ ದ್ರವದಿಂದಾದ ಹಾನಿಯಲ್ಲಿ ಚೇತರಿಕೆ ಕಂಡಿತು.

ಎಳೆ ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹೊಂದುವುದಿಲ್ಲ, ನಿಜ. ಆದರೂ ಈ ಪ್ರಯೋಗಗಳ ಸೂಚನೆ ಗಟ್ಟಿಯಾದದ್ದು: ನರಕೋಶ ಒಂಟಿಯಾಗಿ ಸಾಯುವುದಿಲ್ಲ, ಅದನ್ನು ಸುತ್ತುವರಿದ ದ್ರವವೂ ನೆರೆಯ ಗ್ಲಿಯಾ ಕೋಶಗಳೂ ಅದರ ಹಣೆಬರಹದಲ್ಲಿ ಪಾಲುದಾರರು. ಹಾಗಿರುವಾಗ ಚಿಕಿತ್ಸೆಯ ಗುರಿ ಚಾಲಕ ನರಕೋಶವೊಂದೇ ಆಗಿದ್ದರೆ ಸಾಲದು.

ನಿಮ್ಹಾನ್ಸ್ 2008ರಲ್ಲಿ, 30 ವರ್ಷಗಳಲ್ಲಿ ಕಂಡ 1,153 ಎ.ಎಲ್.ಎಸ್. ರೋಗಿಗಳ ವಿವರ ಪ್ರಕಟಿಸಿತು. ರೋಗ ಶುರುವಾದ ಸರಾಸರಿ ವಯಸ್ಸು 46ರ ಆಸುಪಾಸು. ಅಂದರೆ ಮನೆಯ ದುಡಿಮೆ ಇವರ ಹೆಗಲ ಮೇಲೇ ಇರುವ ಕಾಲ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ ‘ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ’ ಇನ್ನೂ ಎಳೆಯರನ್ನು ಹಿಡಿಯುತ್ತದೆ. ಹಲವರಲ್ಲಿ ಕಿವುಡುತನವೂ ಜೊತೆಗೂಡುತ್ತದೆ, ಆದರೆ ಈ ಕಾಯಿಲೆಯ ನಡೆ ನಿಧಾನ. ಎ.ಎಲ್.ಎಸ್. ಮತ್ತು ಇದರ ದಾರಿ ಬೇರೆಯಾದ್ದರಿಂದ ರೋಗ ಯಾವುದೆಂದು ಮೊದಲೇ ಗುರುತಿಸುವುದು ಕುಟುಂಬಕ್ಕೆ ಬಹಳ ಮುಖ್ಯ.

ಎ.ಎಲ್.ಎಸ್.ಗೆ 1995ರಲ್ಲಿ ಒಪ್ಪಿಗೆ ಪಡೆದ ರಿಲುಝೋಲ್ ಔಷಧ ಆಯುಷ್ಯವನ್ನು ಕೆಲವು ತಿಂಗಳಷ್ಟೇ ಹಿಗ್ಗಿಸುತ್ತದೆ. ಸತ್ತ ಕೋಶವನ್ನು ಎಬ್ಬಿಸುವುದಿಲ್ಲ. ಆದ್ದರಿಂದ ರೋಗವನ್ನು ಬೇಗ ಗುರುತಿಸಬೇಕು; ಆದರೆ ಬೆಂಗಳೂರು ಕೆಂಭಾವಿಗೆ 500 ಕಿಲೋಮೀಟರಿನಷ್ಟು ದೂರ. ಕೈ ಸಣ್ಣಗಾದ, ಸ್ನಾಯು ಅದುರುವ ರೋಗಿಗೆ ಇ.ಎಂ.ಜಿ. ಪರೀಕ್ಷೆ ಯಾದಗಿರಿ ಜಿಲ್ಲೆಯಲ್ಲೇ ದೊರೆತರೆ, ಉಳಿದ ಕೋಶಗಳು ಇನ್ನೂ ಕವಲೊಡೆಯುತ್ತಿರುವಾಗಲೇ ಆತ ತಜ್ಞರ ಕಣ್ಣಿಗೆ ಬೀಳುತ್ತಾನೆ.