ಟೈಪ್ ಡೆಫಿನಿಷನ್‌ಗಳ ಪಾಲನೆ: 2012ರಿಂದ ಈಚೆಗಿನ ಚರಿತ್ರೆ

ಇಂದಿನ ಅನೇಕ ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಜೊತೆಗೆ ‘ಡಿ.ಟಿಎಸ್’ ಎಂದು ಹೆಸರು ಕೊನೆಗೊಳ್ಳುವ ಒಂದು ಕಡತ ಬರುತ್ತದೆ; ಅದೇ ಟೈಪ್ ಡೆಫಿನಿಷನ್. ಅದರಲ್ಲಿ ಕೆಲಸ ಮಾಡುವ ಕೋಡ್ ಒಂದು ಸಾಲೂ ಇರುವುದಿಲ್ಲ. ಯಾವ ಫಂಕ್ಷನ್‌ಗೆ ಏನು ಕೊಡಬೇಕು, ಏನು ಕೊಡದಿದ್ದರೂ ನಡೆಯುತ್ತದೆ, ಅದರಿಂದ ಏನು ಮರಳಿ ಬರುತ್ತದೆ ಎಂಬ ವಿವರವಷ್ಟೇ ಅಲ್ಲಿರುತ್ತದೆ. ಜಾವಾಸ್ಕ್ರಿಪ್ಟಿಗೆ ಟೈಪ್‌ಗಳನ್ನು ಸೇರಿಸುವ ಟೈಪ್‌ಸ್ಕ್ರಿಪ್ಟ್ ಭಾಷೆಯ ಕಂಪೈಲರ್ ಲೈಬ್ರರಿಯ ಕೋಡಿನೊಳಗೆ ಇಣುಕುವುದಿಲ್ಲ. ಈ ವಿವರವನ್ನೇ ನಂಬಿ ಬಳಕೆದಾರರ ತಪ್ಪುಗಳನ್ನು ಹಿಡಿಯುತ್ತದೆ. ವಿವರ ಸುಳ್ಳಾದರೆ ಕಂಪೈಲರ್ ಹೇಳಿದ್ದೂ ಸುಳ್ಳಾಗುತ್ತದೆ. ಈ ಕಡತವನ್ನು ಯಾರು ಬರೆಯಬೇಕು, ಅದು ನಿಜವೇ ಎಂದು ಯಾರು ನೋಡಬೇಕು? ಈ ಎರಡು ಪ್ರಶ್ನೆಗಳಿಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೇ ಈ ಕಸುಬಿನ ಚರಿತ್ರೆ.

ಜಾವಾಸ್ಕ್ರಿಪ್ಟ್ ಹುಟ್ಟಿದಾಗ ಇಂಥ ವಿವರ ಯಾರಿಗೂ ಬೇಕಿರಲಿಲ್ಲ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಅದರ ಮೊದಲ ರೂಪವನ್ನು ಸಿದ್ಧಪಡಿಸಿದರು. ಜಾಲಪುಟದ ಸಣ್ಣಪುಟ್ಟ ಕೆಲಸಗಳಿಗೆಂದು ಮಾಡಿದ ಭಾಷೆ ಅದು. ಒಂದೇ ವೇರಿಯಬಲ್‌ನಲ್ಲಿ ಈಗ ಸಂಖ್ಯೆ, ಮುಂದಿನ ಸಾಲಿನಲ್ಲಿ ಪಠ್ಯ ಇದ್ದರೂ ಅದು ಆಕ್ಷೇಪಿಸುವುದಿಲ್ಲ. 2006ರಲ್ಲಿ ಬಂದ ಜೆಕ್ವೆರಿ ಲೈಬ್ರರಿಯ ಡಾಲರ್ ಗುರುತಿನ ಫಂಕ್ಷನ್ ಈ ಸಲಿಗೆಯನ್ನು ಪೂರ್ತಿ ಬಳಸಿಕೊಂಡಿತು: ಅದಕ್ಕೆ ಸೆಲೆಕ್ಟರ್ ಕೊಡಬಹುದು, ಎಚ್‌ಟಿಎಂಎಲ್ ತುಣುಕು ಕೊಡಬಹುದು, ಪುಟದ ಅಂಗವನ್ನೇ ಕೊಡಬಹುದು, ಇನ್ನೊಂದು ಫಂಕ್ಷನ್ ಕೂಡ ಕೊಡಬಹುದು. 2009ರಲ್ಲಿ ಬ್ರೌಸರಿನ ಹೊರಗೂ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್, 2010ರಲ್ಲಿ ಲೈಬ್ರರಿಗಳನ್ನು ಹಂಚುವ ಎನ್‌ಪಿಎಂ ಬಂದ ಮೇಲೆ ಪ್ರೋಗ್ರಾಮುಗಳು ದೊಡ್ಡದಾದವು, ಒಂದು ಲೈಬ್ರರಿ ಹತ್ತಾರು ಲೈಬ್ರರಿಗಳ ಮೇಲೆ ನಿಂತಿತು. 2011ರಲ್ಲಿ ಬೆಂಗಳೂರಿನಲ್ಲಿ ಹ್ಯಾಸ್‌ಗೀಕ್ ಸಂಸ್ಥೆ ಜೆಎಸ್‌ಫೂ ಸಮ್ಮೇಳನವನ್ನು ಶುರುಮಾಡುವಷ್ಟರಲ್ಲಿ ಭಾರತದಲ್ಲೂ ಜಾವಾಸ್ಕ್ರಿಪ್ಟ್ ಪೂರ್ಣಾವಧಿಯ ಉದ್ಯೋಗವಾಗಿತ್ತು.

2012ರ ಅಕ್ಟೋಬರ್ 1ರಂದು ಮೈಕ್ರೋಸಾಫ್ಟ್ ಟೈಪ್‌ಸ್ಕ್ರಿಪ್ಟನ್ನು ಹೊರತಂದಿತು. ಅದರ ಮುಖ್ಯ ಶಿಲ್ಪಿ ಆಂಡರ್ಸ್ ಹೈಲ್ಸ್‌ಬರ್ಗ್, ಹಿಂದೆ ಟರ್ಬೊ ಪ್ಯಾಸ್ಕಲ್, ಡೆಲ್ಫಿ, ಸಿ ಶಾರ್ಪ್‌ಗಳನ್ನು ರೂಪಿಸಿದವರು. ಹಳೆಯ ಜಾವಾಸ್ಕ್ರಿಪ್ಟನ್ನು ಬಿಸಾಡಬೇಕಿಲ್ಲ, ಅದರ ಮೇಲೆಯೇ ಟೈಪ್‌ಗಳನ್ನು ಸೇರಿಸಬಹುದು ಎಂಬುದು ಅದರ ಭರವಸೆ. ಆದರೆ ಜಗತ್ತಿನ ಲೈಬ್ರರಿಗಳೆಲ್ಲ ಟೈಪ್ ಇಲ್ಲದೆ ಬರೆದಂಥವು. ಅವುಗಳ ವಿವರ ಕೈಯಿಂದಲೇ ಬರೆಯಬೇಕಿತ್ತು. ಅದೇ ತಿಂಗಳು ಬೋರಿಸ್ ಯಾಂಕೊವ್ ಎಂಬವರು ‘ಡೆಫಿನಿಟ್ಲಿ ಟೈಪ್ಡ್’ ಹೆಸರಿನ ಸಾರ್ವಜನಿಕ ಉಗ್ರಾಣವನ್ನು ಗಿಟ್‌ಹಬ್‌ನಲ್ಲಿ ತೆರೆದರು. ಲೈಬ್ರರಿಯ ಕರ್ತೃಗಳಿಗೂ ಈ ವಿವರ ಬರೆದವರಿಗೂ ಹೆಚ್ಚಿನ ಕಡೆ ಪರಿಚಯವೇ ಇರಲಿಲ್ಲ. ದಾಖಲೆ ಓದಿ, ಕೋಡ್ ಓಡಿಸಿ ನೋಡಿ, ತಿಳಿದಷ್ಟನ್ನು ಬರೆದು ಹಂಚಿಕೊಂಡವರು ಅವರು. ಸಂಬಳವಿಲ್ಲದ ಈ ದುಡಿಮೆ ಇಲ್ಲದಿದ್ದರೆ ಟೈಪ್‌ಸ್ಕ್ರಿಪ್ಟ್ ಮೊದಲ ಎರಡು ವರ್ಷ ದಾಟುತ್ತಿತ್ತೇ ಎಂಬುದು ಅನುಮಾನ.

ಬೇರೆಯವರ ಕೋಡನ್ನು ಅರ್ಥಮಾಡಿಕೊಂಡು ನಡೆಸುವುದೇ ಹೊಟ್ಟೆಪಾಡಾದ ಊರುಗಳು ಭಾರತದಲ್ಲಿವೆ. ಥಾಣೆ–ನವಿ ಮುಂಬಯಿ ಪಟ್ಟಿ ಅವುಗಳಲ್ಲಿ ಒಂದು. ಥಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ 1960ರ ದಶಕದಿಂದ ರಾಸಾಯನಿಕ ಕಾರ್ಖಾನೆಗಳಿದ್ದ ಕೈಗಾರಿಕಾ ವಲಯದಲ್ಲಿ, ಐರೋಲಿ, ಘನ್ಸೋಲಿ, ಮಹಾಪೆಗಳಲ್ಲಿ, ಈ ಶತಮಾನದ ಆರಂಭದಿಂದ ಸಾಫ್ಟ್‌ವೇರ್ ಆವರಣಗಳು ಎದ್ದವು. 2004ರಲ್ಲಿ ಥಾಣೆ–ವಾಶಿ ಟ್ರಾನ್ಸ್‌ಹಾರ್ಬರ್ ಲೋಕಲ್ ಓಡತೊಡಗಿದ ಮೇಲೆ ಕಲ್ಯಾಣ್, ಡೊಂಬಿವಲಿಯಲ್ಲಿ ಮನೆ ಮಾಡಿದವರು ಥಾಣೆಯಲ್ಲಿ ಗಾಡಿ ಬದಲಿಸಿ ಈ ಕಚೇರಿಗಳಿಗೆ ಹೋಗುವುದು ಸುಲಭವಾಯಿತು. ಐರೋಲಿಯಲ್ಲಿ ದೊಡ್ಡ ಆವರಣ ಕಟ್ಟಿದ್ದ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ 2011ರಲ್ಲಿ ಐಗೇಟ್ ಪಾಲಾಯಿತು, ಐಗೇಟ್ 2015ರಲ್ಲಿ ಕ್ಯಾಪ್‌ಜೆಮಿನಿಯಲ್ಲಿ ಸೇರಿಹೋಯಿತು. ಫಲಕಗಳು ಬದಲಾದರೂ ಗ್ರಾಹಕರ ಹಳೆಯ ಕೋಡ್ ಓಡುತ್ತಲೇ ಇರಬೇಕು. ಹೊಸ ತಂಡಕ್ಕೆ ಅದನ್ನು ಒಪ್ಪಿಸುವ ಕೆಲವು ವಾರಗಳ ಪಾಠಕ್ಕೆ ಈ ಕಚೇರಿಗಳಲ್ಲಿ ‘ಕೆಟಿ’ ಎನ್ನುತ್ತಾರೆ. ಡಿ.ಟಿಎಸ್ ಕಡತವೂ ಒಂದು ಬಗೆಯ ಕೆಟಿಯೇ. ಕಲಿಯುವವರು ಇಲ್ಲಿ ಮನುಷ್ಯರ ಜೊತೆಗೆ ಕಂಪೈಲರ್ ಕೂಡ.

2016ರ ಸೆಪ್ಟೆಂಬರ್ ಈ ಚರಿತ್ರೆಯ ನಡುಗಂಬ. ಟೈಪ್‌ಸ್ಕ್ರಿಪ್ಟಿನಲ್ಲೇ ಬರೆದ ಆಂಗ್ಯುಲರ್ 2 ಎಂಬ ಫ್ರೇಮ್‌ವರ್ಕ್ ಆ ತಿಂಗಳು ಬಿಡುಗಡೆಯಾಯಿತು. ಜಾವಾ, ಸಿ ಶಾರ್ಪ್ ಬಲ್ಲ ಕೈಗಳಿಗೆ ಅದು ಹೊಸದೆನಿಸಲಿಲ್ಲವಾದ್ದರಿಂದ ದೊಡ್ಡ ಕಂಪನಿಗಳ ಯೋಜನೆಗಳೊಳಗೆ ಟೈಪ್‌ಸ್ಕ್ರಿಪ್ಟ್ ಅದರ ಬೆನ್ನೇರಿ ಬಂತು. ಅದೇ ತಿಂಗಳ ಟೈಪ್‌ಸ್ಕ್ರಿಪ್ಟ್ 2.0 ಎರಡು ಬದಲಾವಣೆ ತಂದಿತು. ಮೊದಲನೆಯದು ಹಂಚಿಕೆಗೆ ಸಂಬಂಧಿಸಿದ್ದು. ಅಲ್ಲಿಯವರೆಗೆ ಡೆಫಿನಿಷನ್‌ಗಳನ್ನು ತರಲು ಟಿಎಸ್‌ಡಿ, ಆಮೇಲೆ ಟೈಪಿಂಗ್ಸ್ ಎಂಬ ಪ್ರತ್ಯೇಕ ಉಪಕರಣಗಳು ಬೇಕಿದ್ದವು. ಇನ್ನು ಮುಂದೆ ಎನ್‌ಪಿಎಂನ ‘ಟೈಪ್ಸ್’ ವಿಭಾಗದಿಂದ ಲೈಬ್ರರಿಯಷ್ಟೇ ಸಲೀಸಾಗಿ ಡೆಫಿನಿಷನ್ ಕೂಡ ಇಳಿಯುತ್ತಿತ್ತು.

ಎರಡನೆಯದು ಹೆಚ್ಚು ಆಳದ್ದು. ಇಲ್ಲದ ಮೌಲ್ಯದ ವಿಷಯದಲ್ಲಿ ಕಂಪೈಲರ್ ಕಟ್ಟುನಿಟ್ಟಾಗಬಹುದಾಯಿತು. ಪಟ್ಟಿಯೊಂದರಲ್ಲಿ ಹುಡುಕುವ ಫಂಕ್ಷನ್ ಬೇಕಾದದ್ದು ಸಿಗದಿದ್ದರೆ ‘ಅನ್‌ಡಿಫೈನ್ಡ್’ ಕೊಡುತ್ತದೆ. ಹಳೆಯ ಡೆಫಿನಿಷನ್‌ಗಳು ಆ ಸಂಗತಿಯನ್ನು ಹೇಳುತ್ತಲೇ ಇರಲಿಲ್ಲ, ಹೇಳಲು ದಾರಿಯೂ ಇರಲಿಲ್ಲ. ಸಾವಿರಾರು ಕಡತಗಳನ್ನು ಮತ್ತೆ ಓದಿ, ಎಲ್ಲೆಲ್ಲಿ ಮೌಲ್ಯ ಇಲ್ಲದಿರಬಹುದು ಎಂದು ಗುರುತಿಸಬೇಕಾಯಿತು. ಒಮ್ಮೆ ಬರೆದರೆ ಮುಗಿಯುವ ಕೆಲಸ ಇದಲ್ಲ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಟೆಸ್ಟ್‌ಗಳ ಕಥೆ ಇಲ್ಲಿಗೆ ಸೇರುತ್ತದೆ, ಮತ್ತು ಅದು ಸಾಮಾನ್ಯ ಟೆಸ್ಟ್‌ಗಳಂತಲ್ಲ. ಲೈಬ್ರರಿಯ ಟೆಸ್ಟ್ ಕೋಡನ್ನು ಓಡಿಸಿ ಉತ್ತರ ನೋಡುತ್ತದೆ. ಡೆಫಿನಿಟ್ಲಿ ಟೈಪ್ಡ್‌ನ ಟೆಸ್ಟ್ ಕಡತವನ್ನು ಯಾರೂ ಓಡಿಸುವುದಿಲ್ಲ. ಲೈಬ್ರರಿಯನ್ನು ಬಳಸುವ ಒಂದಿಷ್ಟು ಸಾಲುಗಳನ್ನು ಬರೆದು, ಅವು ಕಂಪೈಲ್ ಆಗುತ್ತವೆಯೇ ಎಂದಷ್ಟೇ ನೋಡುತ್ತಾರೆ. ಇದರಲ್ಲಿ ದೊಡ್ಡ ತೂತೊಂದಿತ್ತು. ‘ಎನಿ’ ಎಂಬ ಟೈಪ್ ಎಲ್ಲವನ್ನೂ ಒಪ್ಪುತ್ತದೆ. ಸೋಮಾರಿತನದಿಂದಲೋ ಕಣ್ತಪ್ಪಿನಿಂದಲೋ ಫಂಕ್ಷನ್ ‘ಎನಿ’ ಕೊಡುತ್ತದೆ ಎಂದು ಬರೆದುಬಿಟ್ಟರೆ ಅದರ ಮೇಲಿನ ಪ್ರತಿಯೊಂದು ಟೆಸ್ಟ್ ಪಾಸಾಗುತ್ತದೆ, ಬಳಕೆದಾರರಿಗೆ ಮಾತ್ರ ರಕ್ಷಣೆ ಸೊನ್ನೆ. ಹಾಗಾಗಿ ಟೈಪ್ ಟೆಸ್ಟ್ ಎರಡು ಕೆಲಸ ಮಾಡಲೇಬೇಕು: ಬರುವ ಟೈಪ್ ನಿಖರವಾಗಿ ಇಂಥದ್ದೇ ಎಂದು ಸಾಧಿಸಬೇಕು, ತಪ್ಪು ಬಳಕೆ ತಿರಸ್ಕೃತವಾಗುತ್ತದೆ ಎಂದೂ ತೋರಿಸಬೇಕು. ಎರಡನೆಯದನ್ನು ಬಿಟ್ಟವರೇ ಹೆಚ್ಚು, ತೊಂದರೆಗೆ ಸಿಕ್ಕಿದವರೂ ಅವರೇ.

ಮೈಕ್ರೋಸಾಫ್ಟಿನ ಡಿಟಿಎಸ್‌ಲಿಂಟ್ ಎಂಬ ಉಪಕರಣ ಇವೆರಡಕ್ಕೂ ದಾರಿ ಮಾಡಿತು. ಟೆಸ್ಟ್ ಸಾಲಿನ ಪಕ್ಕದ ಟಿಪ್ಪಣಿಯಲ್ಲಿ ನಿರೀಕ್ಷಿತ ಟೈಪ್ ಬರೆದರೆ ಅದು ಅಕ್ಷರಶಃ ಹೋಲಿಸಿ ನೋಡುತ್ತಿತ್ತು. ದೋಷ ಬರಬೇಕಾದ ಸಾಲನ್ನೂ ಹಾಗೆಯೇ ಗುರುತಿಸಬಹುದಿತ್ತು. ಸ್ಯಾಮ್ ವರ್‌ಶ್ಯುರೆನ್ ಬರೆದ ಉಪಕರಣ ಸ್ವತಂತ್ರ ಲೈಬ್ರರಿಗಳಿಗೆ ಅದೇ ಅನುಕೂಲ ಕೊಟ್ಟಿತು; ಬಳಕೆ ತಪ್ಪಿದ ಹಳೆಯ ಟಿಎಸ್‌ಡಿಯ ಹೆಸರನ್ನೇ ಅದು ಪಡೆಯಿತು. 2020ರ ಮೇ ತಿಂಗಳ ಟೈಪ್‌ಸ್ಕ್ರಿಪ್ಟ್ 3.9ರಲ್ಲಿ, ಜಾಶ್ ಗೋಲ್ಡ್‌ಬರ್ಗ್ ಅವರ ಕೊಡುಗೆಯಾಗಿ, ‘ಇಲ್ಲಿ ದೋಷ ಬರಲೇಬೇಕು’ ಎಂದು ಹೇಳುವ ಟಿಪ್ಪಣಿ ಭಾಷೆಯೊಳಗೇ ಸೇರಿತು. ದೋಷ ಬಾರದಿದ್ದರೆ ಅದೇ ಒಂದು ದೋಷ. ಒಂದೇ ಸಾಲಿನ ಈ ಸೌಲಭ್ಯ ತಪ್ಪು ಬಳಕೆಯ ಟೆಸ್ಟನ್ನು ಎಲ್ಲರ ಕೈಗೆ ತಂದಿತು.

ಪಾಲನೆಯ ನಿಜವಾದ ಭಾರ ಆವೃತ್ತಿಗಳದ್ದು. ಡೆಫಿನಿಷನ್ ಎರಡು ಯಜಮಾನರಿಗೆ ಹೊಂದಿಕೊಳ್ಳಬೇಕು: ಲೈಬ್ರರಿಯೂ ಬದಲಾಗುತ್ತದೆ, ಕಂಪೈಲರೂ ಬದಲಾಗುತ್ತದೆ. ಚಿಕ್ಕ ಆವೃತ್ತಿಗಳಲ್ಲೂ ಟೈಪ್‌ಸ್ಕ್ರಿಪ್ಟ್ ಹೊಸ ದೋಷಗಳನ್ನು ಹಿಡಿಯತೊಡಗುವುದರಿಂದ ನಿನ್ನೆ ಪಾಸಾದ ಕಡತ ಇಂದು ಬೀಳಬಹುದು. ಎರಡು ವರ್ಷ ದಾಟದ ಕಂಪೈಲರ್ ಆವೃತ್ತಿಗಳನ್ನಷ್ಟೇ ಬೆಂಬಲಿಸುವ ನಿಯಮವನ್ನು ಡೆಫಿನಿಟ್ಲಿ ಟೈಪ್ಡ್ ಪಾಲಿಸುವುದು ಈ ಕಾರಣಕ್ಕೆ. ಕಡತದ ಬದಲಾವಣೆಯೊಂದೇ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2022ರ ಏಪ್ರಿಲ್ ಸಾಕ್ಷಿ. ಪುಟದ ಭಾಗಗಳನ್ನು ಕಾಂಪೊನೆಂಟ್‌ಗಳಾಗಿ ಕಟ್ಟುವ ರಿಯಾಕ್ಟ್ ಲೈಬ್ರರಿಯ 18ನೇ ಆವೃತ್ತಿಯ ಡೆಫಿನಿಷನ್‌ಗಳಲ್ಲಿ, ಕಾಂಪೊನೆಂಟ್‌ಗಳಿಗೆ ‘ಚಿಲ್ಡ್ರನ್’ (ಅವುಗಳ ಒಳಗೆ ಇಡುವ ಅಂಶಗಳು) ತಾನಾಗಿಯೇ ಸಿಗುತ್ತಿದ್ದ ಹಳೆಯ ಔದಾರ್ಯವನ್ನು ತೆಗೆದುಹಾಕಿದರು. ಹೊಸ ವಿವರವೇ ಸರಿಯಾದದ್ದು. ಆದರೂ ಬ್ರೌಸರಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಅನೇಕ ಯೋಜನೆಗಳು ಕಂಪೈಲ್ ಆಗದೆ ನಿಂತವು.

ಅಷ್ಟರಲ್ಲಿ ಡೆಫಿನಿಷನ್‌ಗಳು ಉಗ್ರಾಣದಿಂದ ಲೈಬ್ರರಿಗಳ ಮನೆಗೇ ಮರಳತೊಡಗಿದ್ದವು. 2019ರ ನವೆಂಬರ್‌ನ ಟೈಪ್‌ಸ್ಕ್ರಿಪ್ಟ್ 3.7, ಜಾವಾಸ್ಕ್ರಿಪ್ಟ್ ಕಡತದಲ್ಲಿ ಟೈಪ್‌ಗಳನ್ನು ಹೇಳುವ ಜೆಎಸ್‌ಡಾಕ್ ಟಿಪ್ಪಣಿಗಳಿಂದಲೇ ಡಿ.ಟಿಎಸ್ ತಯಾರಿಸಬಲ್ಲದಾಗಿತ್ತು. 2020ರಲ್ಲಿ ಕೋಡನ್ನು ಕಟ್ಟುಗೂಡಿಸುವ ಉಪಕರಣ ವೆಬ್‌ಪ್ಯಾಕ್ 5 ತನ್ನ ಡೆಫಿನಿಷನ್‌ಗಳನ್ನು ತಾನೇ ಹೊತ್ತು ಬಂತು. 2023ರಲ್ಲಿ ಸ್ವೆಲ್ಟ್ ಎಂಬ ಫ್ರೇಮ್‌ವರ್ಕಿನ ತಂಡ ಒಳಗಿನ ಕೋಡನ್ನು ಟೈಪ್‌ಸ್ಕ್ರಿಪ್ಟಿನಿಂದ ಜೆಎಸ್‌ಡಾಕ್ ಸಹಿತ ಜಾವಾಸ್ಕ್ರಿಪ್ಟಿಗೆ ಬದಲಿಸಿತು. ಬಳಕೆದಾರರಿಗೆ ಕೊಡುವ ಡೆಫಿನಿಷನ್‌ಗಳನ್ನು ಮಾತ್ರ ಕೈಬಿಡಲಿಲ್ಲ. ಕೋಡ್ ಬದಲಿಸುವವರೇ ವಿವರವನ್ನೂ ಬದಲಿಸುವ ಈ ವ್ಯವಸ್ಥೆ ಹಳೆಯದಕ್ಕಿಂತ ನಿಸ್ಸಂದೇಹವಾಗಿ ಮೇಲು. ಹಾಗಿದ್ದರೂ ರಿಯಾಕ್ಟ್, ನೋಡ್‌ಗಳಂಥ ಅತಿ ದೊಡ್ಡ ಯೋಜನೆಗಳ ಡೆಫಿನಿಷನ್‌ಗಳು ಈಗಲೂ ಡೆಫಿನಿಟ್ಲಿ ಟೈಪ್ಡ್‌ನಲ್ಲೇ ಇವೆ.

ಮನೆಗೆ ಬಂದ ಕಡತಕ್ಕೆ ಹೊಸ ಕಾಯಿಲೆಯೂ ತಗುಲಿತು. ನೋಡ್‌ನ ಹಳೆಯ, ಹೊಸ ಮಾಡ್ಯೂಲ್ ಪದ್ಧತಿಗಳೆರಡನ್ನೂ ಬೆಂಬಲಿಸುವ ಪ್ಯಾಕೇಜಿನಲ್ಲಿ ಡೆಫಿನಿಷನ್ ಸರಿಯಿದ್ದರೂ ಕಂಪೈಲರಿಗೆ ಅದು ತಪ್ಪು ಬಾಗಿಲಿನಲ್ಲಿ ಸಿಗಬಹುದು. 2022ರ ಟೈಪ್‌ಸ್ಕ್ರಿಪ್ಟ್ 4.7 ಈ ಪದ್ಧತಿಗಳನ್ನು ಗುರುತಿಸತೊಡಗಿದಾಗ ಇಂಥ ತಪ್ಪುಗಳು ಹೊರಬಿದ್ದವು. ಟೈಪ್‌ಸ್ಕ್ರಿಪ್ಟ್ ತಂಡದ ಆಂಡ್ರೂ ಬ್ರ್ಯಾಂಚ್ ಅವುಗಳನ್ನು ಪತ್ತೆಹಚ್ಚಲೆಂದೇ ‘ಆರ್ ದ ಟೈಪ್ಸ್ ರಾಂಗ್’ ಎಂಬ ಉಪಕರಣ ಬರೆದರು. ಲೈಬ್ರರಿಯ ಟೆಸ್ಟ್, ಟೈಪ್ ಟೆಸ್ಟ್, ಪ್ಯಾಕೇಜಿನ ತಪಾಸಣೆ ಎಂಬ ಮೂರು ಹಂತಗಳು ಬಿಡುಗಡೆಗೆ ಮುನ್ನ ಒಟ್ಟಿಗೆ ನಡೆಯುವುದು ಎಚ್ಚರದ ಯೋಜನೆಗಳಲ್ಲಿ ಈಗ ರೂಢಿ.

2025ರ ಮಾರ್ಚ್‌ನಲ್ಲಿ ಹೈಲ್ಸ್‌ಬರ್ಗ್ ಕಂಪೈಲರನ್ನು ಗೋ ಭಾಷೆಗೆ ಒಯ್ಯುತ್ತಿರುವುದಾಗಿ ಪ್ರಕಟಿಸಿದರು. ಸುಮಾರು 15 ಲಕ್ಷ ಸಾಲುಗಳ ವಿಎಸ್ ಕೋಡ್ ಎಡಿಟರ್ ಯೋಜನೆಯ ತಪಾಸಣೆಗೆ ಹಳೆಯ ಕಂಪೈಲರ್ 77.8 ಸೆಕೆಂಡ್ ತೆಗೆದುಕೊಂಡರೆ ಹೊಸದು 7.5 ಸೆಕೆಂಡಿನಲ್ಲಿ ಮುಗಿಸಿತು. ನಿಧಾನವೆಂಬ ಕಾರಣಕ್ಕೆ ಟೈಪ್ ಟೆಸ್ಟ್‌ಗಳನ್ನು ಬದಿಗಿಟ್ಟಿದ್ದ ಲೈಬ್ರರಿಗಳಿಗೆ ಆ ಕಾರಣ ಇನ್ನು ಉಳಿದಿಲ್ಲ.