ಬಂಡೆ ಇಳಿಯುವ ಹಗ್ಗದ ಚರಿತ್ರೆ

ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಮಳೆನೀರಿನ ಬಹುಪಾಲು ಸೇರುವುದು ವೃಷಭಾವತಿಗೆ. ಅದು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ಕೆಂಗೇರಿ ದಾಟಿ, ಬೈರಮಂಗಲ ಕೆರೆಗೆ ಬಂದು, ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಚುಂಚಿಯಲ್ಲಿ ಬಂಡೆಗಳಿಂದ ಧುಮುಕಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ಮೇಕೆದಾಟು. ಅಷ್ಟಗಲದ ಕಾವೇರಿ ಅಲ್ಲಿ ಕಲ್ಲಿನ ಇಕ್ಕಟ್ಟಿನೊಳಗೆ ನುಗ್ಗುತ್ತಾಳೆ. ನೀರು ಕೊರೆದ ಇಂಥ ಕಮರಿಗಳನ್ನು ಹಗ್ಗ ಹಿಡಿದು, ಈಜಿ, ಇಳಿದು ದಾಟುವ ಆಟಕ್ಕೆ ಕ್ಯಾನಿಯನಿಂಗ್ ಎನ್ನುತ್ತಾರೆ. ಈಗ ನಮ್ಮ ಹುಡುಗರ ಬಾಯಲ್ಲೂ ಆ ಹೆಸರಿದೆ. ಜಲಪಾತದ ಪಕ್ಕ ಹಗ್ಗ ಇಳಿಬಿಟ್ಟ ಫೋಟೊ ತೋರಿಸಿ, "ಸರ್, ಇದಕ್ಕೆ ಹೋಗ್ಬೋದಾ?" ಎಂದು ಕೇಳುತ್ತಾರೆ. ನಾನು ಬಸವೇಶ್ವರನಗರದವನು. ಭಾನುವಾರಗಳಲ್ಲಿ ಹೊಸಬರನ್ನು ಕೆಂಗೇರಿಯಿಂದ ರೈಲು ಹತ್ತಿಸಿ ರಾಮನಗರದ ಬಂಡೆಗಳಿಗೆ ಕರೆದೊಯ್ದು ಹಗ್ಗದ ಕೆಲಸ ಕಲಿಸುತ್ತೇನೆ. ಹೋಗಬಹುದು, ಆದರೆ ಮೊದಲು ಹಗ್ಗದ ಕಥೆ ಕೇಳಿ ಅನ್ನುತ್ತೇನೆ.

ಹಗ್ಗದ ಮೇಲೆ ಜೀವ ಇಡುವುದು ನಮ್ಮ ನಾಡಿಗೆ ಹೊಸದಲ್ಲ. ಬಾವಿ ತೋಡುವವರು ಕತ್ತಾಳೆ ನಾರಿನ, ತೆಂಗಿನ ನಾರಿನ ಹಗ್ಗ ಹಿಡಿದು ಆಳಕ್ಕೆ ಇಳಿದವರೇ. ನೀಲಗಿರಿಯ ಕುರುಂಬರು ಕಡಿದಾದ ಬಂಡೆಯ ಹೆಜ್ಜೇನು ಬಿಡಿಸಲು ಬಳ್ಳಿಯ ಏಣಿ ಇಳಿಬಿಡುತ್ತಿದ್ದರು. ಮೇಲೆ ನಿಂತು ಆ ಏಣಿ ಕಾಯುವುದು ಹತ್ತಿರದ ನೆಂಟರ ಕೆಲಸ, ಯಾರೋ ದಾರಿಹೋಕರದ್ದಲ್ಲ. ಹಗ್ಗ ಯಾವುದು, ಕಟ್ಟಿದ್ದು ಎಲ್ಲಿಗೆ, ಕಾಯುವವರು ಯಾರು ಎಂಬ ಮೂರನ್ನೂ ನೋಡದೆ ಅವರು ಕಾಲು ಇಳಿಬಿಡುತ್ತಿರಲಿಲ್ಲ.

ಪಡುವಣದವರು ಈ ಪಾಠ ಕಲಿತದ್ದು ಸಾವುಗಳಿಂದ. 1865ರ ಜುಲೈ 14ರಂದು ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದ ಏಳು ಮಂದಿ ಇಳಿಯುವಾಗ ಒಬ್ಬ ಜಾರಿದ. ನಡುವಿನ ಹಗ್ಗ ತುಂಡಾಯಿತು, ನಾಲ್ವರು ಸತ್ತರು. ಮೂವರು ಉಳಿದರು. ತಂಡದ ಬಳಿ ಇದ್ದ ಹಗ್ಗಗಳಲ್ಲಿ ತುಂಡಾದದ್ದೇ ಬಲಹೀನ. ಅದರ ತುಣುಕು ಇಂದಿಗೂ ಝೆರ್ಮಾಟ್‌ನ ವಸ್ತುಸಂಗ್ರಹಾಲಯದಲ್ಲಿದೆ. 1905ರಲ್ಲಿ ಎದುವಾರ್ ಮಾರ್ತೆಲ್ ಎಂಬ ಗುಹಾಶೋಧಕ ದೋಣಿಗಳೊಂದಿಗೆ ಫ್ರಾನ್ಸಿನ ವೆರ್ದೊನ್ ಕಮರಿಯನ್ನು ದಾಟಿದ. ಕ್ಯಾನಿಯನಿಂಗ್‌ನ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಆಗಿನದೆಲ್ಲ ಸೆಣಬಿನಂಥ ನಾರಿನ ಹಗ್ಗಗಳು. ನೆನೆದರೆ ಬಿಗಿಯಾಗಿ ಬಿರುಸಾಗುತ್ತಿದ್ದವು, ಒದ್ದೆಯಾಗಿಯೇ ಬಿದ್ದಿದ್ದರೆ ಒಳಗೊಳಗೇ ಕೊಳೆಯುತ್ತಿದ್ದವು. ಎರಡನೇ ಮಹಾಯುದ್ಧದ ಹೊತ್ತಿಗೆ ನೈಲಾನ್ ಹಗ್ಗ ಬಂತು. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ ಒಳಗೆ ತಿರುಳು, ಹೊರಗೆ ನೇಯ್ದ ಕವಚ ಇರುವ ಹಗ್ಗ ತಂದಿತು. ಇಂದು ನಾವು ಹಿಡಿಯುವುದು ಅದೇ ಬಗೆಯದು. 1932ರಲ್ಲಿ ಹುಟ್ಟಿದ್ದ ಪರ್ವತಾರೋಹಿಗಳ ಅಂತರರಾಷ್ಟ್ರೀಯ ಒಕ್ಕೂಟ, ಯುಐಎಎ, 1960ರ ದಶಕದಲ್ಲಿ ಹಗ್ಗಗಳನ್ನು ಪರೀಕ್ಷಿಸಿ ಮುದ್ರೆ ಒತ್ತತೊಡಗಿತು.

ನಮ್ಮಲ್ಲಿ 1954ರಲ್ಲಿ ಡಾರ್ಜಿಲಿಂಗ್‌ನ, 1965ರಲ್ಲಿ ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಗಳು ಶುರುವಾದವು. ಅಲ್ಲಿ ಕಲಿತು ಬಂದ ಬೆಂಗಳೂರಿಗರಿಗೆ ಹಿಮಾಲಯ ದೂರ, ರಾಮನಗರ ಹತ್ತಿರ. ಸುಮಾರು 250 ಕೋಟಿ ವರ್ಷ ಹಳೆಯ ಅಲ್ಲಿನ ಗ್ರಾನೈಟ್‌ಗೆ ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನ ಮೇಲೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಊರಿನವರಿಗೆ ಅದು 1975ರ 'ಶೋಲೆ' ಸಿನಿಮಾದ ಬೆಟ್ಟ. ಕಲಿಯುವವರಿಗೆ ಅದು ಪಾಠಶಾಲೆ. 2012ರಲ್ಲಿ ಅಲ್ಲಿನ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಹಾಗಾಗಿ ಅಲ್ಲಿ ಎಲ್ಲಿ ಬೇಕಾದರೂ ಹಗ್ಗ ಕಟ್ಟುವಂತಿಲ್ಲ, ಅನುಮತಿ ಕೇಳಬೇಕು. ಅದು ಸರಿಯೇ.

ಅಲ್ಲಿ ನಾನು ಮೊದಲು ಮಾಡಿಸುವುದು ಹಗ್ಗದ ತಪಾಸಣೆ. ಅಷ್ಟೂ ಉದ್ದವನ್ನು ಬೆರಳುಗಳ ನಡುವೆ ಎಳೆಯುತ್ತಾ ಹೋಗಬೇಕು. ಮೆತ್ತಗಾದ ಕಡೆ, ಕವಚ ಹರಿದ ಕಡೆ, ತಿರುಳು ಹೊರಬಂದ ಕಡೆ ಬೆರಳೇ ಹೇಳುತ್ತದೆ. ಆಮೇಲೆ ಕ್ಯಾರಬೀನರ್, ಅಂದರೆ ಹಗ್ಗ ಸಿಕ್ಕಿಸುವ, ಬಾಗಿಲಿರುವ ಲೋಹದ ಕೊಂಡಿ. ಅದರ ಮೈಮೇಲೆ ಕೆತ್ತಿದ ಅಂಕಿ ಓದಿಸುತ್ತೇನೆ. ಉದ್ದುದ್ದಕ್ಕೆ 22 ಕಿಲೋನ್ಯೂಟನ್ ಎಂದರೆ ಎರಡು ಸಾವಿರ ಕಿಲೋಗಿಂತ ಹೆಚ್ಚಿನ ಭಾರ. ಬಾಗಿಲು ತೆರೆದಿದ್ದರೆ ಅದರ ಮೂರನೇ ಒಂದು ಭಾಗದ ಆಸುಪಾಸು ಅಷ್ಟೆ. ಅದಕ್ಕೇ ತಿರುಪು ಬಿಗಿ ಮಾಡು, ಪಕ್ಕದವರಿಂದ ಇನ್ನೊಮ್ಮೆ ನೋಡಿಸು ಅನ್ನುವುದು. ವಿಜಯನಗರದ ಒಬ್ಬ ಹುಡುಗಿ, "ಇಷ್ಟು ಚಿಕ್ಕ ಬಂಡೆಗೂ ಹೆಲ್ಮೆಟ್ ಬೇಕಾ ಸರ್?" ಎಂದು ಕೇಳಿದಳು. "ಬೀಳೋದು ನೀನೇ ಆಗ್ಬೇಕಂತಿಲ್ಲಮ್ಮ, ಮೇಲಿನವರ ಕಾಲಡಿಯ ಕಲ್ಲೂ ಬೀಳುತ್ತೆ" ಅಂದೆ.

ಒಣ ಬಂಡೆಯಲ್ಲಿ ಕಲಿತದ್ದೆಲ್ಲ ನೀರಿನಲ್ಲಿ ನಡೆಯುವುದಿಲ್ಲ. ಇದನ್ನು ಹೊಸಬರು ಮನಸ್ಸಿಗೆ ತಂದುಕೊಳ್ಳಲೇಬೇಕು. ಒಣ ಬಂಡೆಯಲ್ಲಿ ಹಗ್ಗದ ತುದಿಗೆ ಗಂಟು ಹಾಕುತ್ತೇವೆ, ತುದಿ ದಾಟಿ ಜಾರದಿರಲಿ ಎಂದು. ಜಲಪಾತದ ಕೆಳಗೆ ಮಡು ಇದ್ದರೆ ಅದೇ ಗಂಟು ಇಳಿದವನನ್ನು ನೀರಿನಡಿ ಹಿಡಿದುಬಿಡಬಹುದು. ಅಲ್ಲಿ ಗಂಟಿಲ್ಲದ ತುದಿ ನೀರಿನ ಮಟ್ಟಕ್ಕೆ ಸರಿಯಾಗಿ ಮುಟ್ಟುವಂತೆ ಅಳೆದು ಬಿಡಬೇಕು. 1931ರಲ್ಲಿ ಕಾರ್ಲ್ ಪ್ರುಸಿಕ್ ಪರಿಚಯಿಸಿದ, ಭಾರ ಬಿದ್ದೊಡನೆ ಬಿಗಿಯುವ ಗಂಟು ಬಂಡೆಯ ಮೇಲೆ ಪ್ರಾಣ ಉಳಿಸುತ್ತದೆ. ಸುರಿವ ನೀರಿನ ನಡುವೆ ಅದು ಬಿಗಿದುಕೊಂಡರೆ ಇಳಿಯುವವನು ಅಲ್ಲೇ ಉಸಿರುಗಟ್ಟಬಹುದು. ಅದಕ್ಕೇ ಬಲ್ಲವರು ಮೇಲಿನಿಂದಲೇ ಹಗ್ಗ ಸಡಿಲಿಸಿ ಇಳಿಸಲು ಬರುವಂತೆ ಕಟ್ಟುತ್ತಾರೆ. ಹೆಚ್ಚು ಹಿಗ್ಗದ ಹಗ್ಗ ಬೇಕು, ಮಡುವಿಗೆ ಲೈಫ್ ಜಾಕೆಟ್ ಬೇಕು. ಜೀನ್ಸ್, ಹತ್ತಿ ಬಟ್ಟೆ ನೆನೆದರೆ ಭಾರ, ಜೊತೆಗೆ ಚಳಿ. ಎಲ್ಲಕ್ಕಿಂತ ಮುಖ್ಯ, ಹೊಳೆಯ ಮೇಲ್ಭಾಗದ ಮಳೆಯ ಸುದ್ದಿ ಬೇಕು. ತಲೆಯ ಮೇಲೆ ಬಿಸಿಲಿದ್ದರೂ ಮೇಲ್ಗಡೆ ಸುರಿದ ಮಳೆ ಕಮರಿಯಲ್ಲಿ ನೀರೇರಿಸುತ್ತದೆ. ಇಕ್ಕಟ್ಟಿನಲ್ಲಿ ಓಡಲು ಜಾಗವಿರುವುದಿಲ್ಲ.

ಮೇಕೆದಾಟು, ಚುಂಚಿಗಳಲ್ಲಿ ನೀರುಪಾಲಾದವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆ ಜಾಗಗಳು ಹಗ್ಗ ಕಟ್ಟಿ ಆಡುವವಲ್ಲ, ದೂರ ನಿಂತು ನೋಡುವವು. ಕಮರಿ ಇಳಿಯುವ ಆಸೆ ನಿಜವಾಗಿಯೂ ಇದ್ದರೆ ಒಣ ಬಂಡೆಯಲ್ಲಿ ಒಂದು ವರ್ಷ ಕಲಿಯಿರಿ, ಈಜು ಕಲಿಯಿರಿ. ಆಮೇಲೆ ಕರೆದೊಯ್ಯುವವರನ್ನು ಕುರುಂಬರ ಅದೇ ಮೂರು ಪ್ರಶ್ನೆ ಕೇಳಿ: ಹಗ್ಗ ಯಾವುದು, ಎಷ್ಟು ಹಳೆಯದು? ಕಟ್ಟುವುದು ಎಲ್ಲಿಗೆ? ಕಾಯುವವರು ಯಾರು, ಎಲ್ಲಿ ಕಲಿತವರು? ನಗುತ್ತಾ ಮಾತು ತೇಲಿಸಿದರೆ ಕಟ್ಟಿದ ಹಣ ಹೋದರೂ ಹೋಗಲಿ, ಮನೆಗೆ ವಾಪಸ್ ಬನ್ನಿ. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರೂ ಈ ಮೂರನ್ನು ಕೇಳಿಯೇ ಕಳಿಸಬೇಕೆಂದು ನನ್ನ ಬೇಡಿಕೆ.